ದಿನಕ್ಕೆ ನಾಲ್ಕು ಲೀಟರ್ ಸೋಯಾ ಹಾಲು

ಗಡಿಗೆ ಯಜಮಾನರ ಸೋಯಾ ಹಾಲಿನ ಪಾತ್ರೆ ತೊಳೆದ ನೀರನ್ನು ನೆಕ್ಕಿದ ಒಂದು ಗಂಡು ಬೆಕ್ಕು ಎರಡೇ ತಿಂಗಳಲ್ಲಿ ಮೂರು ಮರಿ ಹಾಕಿತು. ಮೂರೂ ಬಿಳಿ, ಅಚ್ಚ ಹಾಲಿನ ಬಣ್ಣ. ಯಜಮಾನರು ಇದನ್ನು ಕಣ್ಣಾರೆ ಕಂಡಿದ್ದಾರೆ. ನಂಬದವರು ಬೆಕ್ಕನ್ನೇ ಕೇಳಬಹುದಿತ್ತು, ಆದರೆ ನಾಚಿಕೆಯಿಂದ ಅದು ಬೇರೆ ಬೀದಿಗೆ ಮನೆ ಬದಲಾಯಿಸಿತು.

ಬೆಕ್ಕಿನ ಮಾತು ಬಿಡಿ, ಅದು ಸಣ್ಣದು. ಅವರ ಹಾಲು ಕುಡಿಯಲು ಶುರುಮಾಡಿದ ಮೇಲೆ ಅಂಚೆಯವನಿಗೆ ಅವಳಿ ಹುಟ್ಟಿದವು, ಬೀಗ ರಿಪೇರಿಯವನಿಗೆ ವರ್ಷಕ್ಕೊಂದರಂತೆ ಐದಾದವು, ಬೀದಿಯ ಕೊನೆಯ ಶಾಲೆಗೆ ಎರಡು ಹೊಸ ಕೋಣೆ ಕಟ್ಟಿಸಬೇಕಾಯಿತು. ಆ ಕೋಣೆಗಳ ಗೋಡೆಗೆ ತಮ್ಮ ಹೆಸರು ಹಾಕಿಸಲಿಲ್ಲವಲ್ಲ ಎಂಬ ಒಂದು ಕೊರಗು ಬಿಟ್ಟರೆ ಯಜಮಾನರಿಗೆ ಊರಿನ ಮೇಲೆ ಬೇರೆ ಸಿಟ್ಟಿರಲಿಲ್ಲ. ಗಡಿಗೆ ಎಂಬ ಅಡ್ಡಹೆಸರು ತಮ್ಮ ಪಾತ್ರೆಗಳ ಗಾತ್ರ ನೋಡಿ ಬಂದದ್ದೆಂದು ಅವರು ತಿಳಿದಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಆ ಬೀದಿಯವರಿಗೆಲ್ಲ ಬರುತ್ತಿತ್ತು. ತುಳುಕುವ ಗಡಿಗೆ ಯಾವುದೆಂದೂ ಗೊತ್ತಿತ್ತು.

ಅಂಗಡಿ ಮುಂದೆ, ಕಾರ್ಖಾನೆ ಹಿಂದೆ. ಕಾರ್ಖಾನೆ ಎಂದರೆ ಉದ್ದನೆಯ ಒಂದೇ ಕೋಣೆ. ಒಂದು ಗೋಡೆಗೆ ಸೋಯಾ ಕಾಳು ನೆನೆಯುವ ತೊಟ್ಟಿಗಳು, ಪಕ್ಕದಲ್ಲಿ ರುಬ್ಬುವ ಯಂತ್ರ, ಆಚೆ ಕಡೆ ಮರದ ಅಚ್ಚುಗಳು, ಅವುಗಳ ಮೇಲೆ ಹೇರುವ ಕಲ್ಲುಗಳು. ನಟ್ಟನಡುವೆ, ಇಟ್ಟಿಗೆ ಒಲೆಯಲ್ಲಿ ಹೂತ ಕೊಪ್ಪರಿಗೆ. ಅದರ ಅಂಚು ನಿಂತವನ ಸೊಂಟಕ್ಕೆ ಸರಿಯಾಗಿ ಬರುತ್ತಿತ್ತು. ರುಬ್ಬಿದ ಹಾಲು ಅದರಲ್ಲಿ ಕುದಿಯಬೇಕು, ನೊರೆ ಉಕ್ಕಿದಾಗಲೆಲ್ಲ ತೆಗೆಯಬೇಕು, ತಳ ಹಿಡಿಯದಂತೆ ಉದ್ದನೆಯ ಮರದ ಹುಟ್ಟಿನಿಂದ ಕೈ ಬಿಡದೆ ತಿರುವಬೇಕು. ಆಮೇಲೆ ಹಾಲನ್ನು ಬಟ್ಟೆಯಲ್ಲಿ ಸೋಸಿ, ಒಡೆಸಿ, ಅಚ್ಚಿಗೆ ಸುರಿದು, ಕಲ್ಲು ಹೇರಿದರೆ ತೋಫು. ಬೆಳಗಿನಿಂದ ಮಧ್ಯಾಹ್ನದವರೆಗೆ ಏಳು ಸುತ್ತು. ಆ ತೋಫು ಎಷ್ಟು ಮೃದುವೆಂದರೆ, ಯಜಮಾನರೇ ಹೇಳುವಂತೆ, ಜೋರಾಗಿ ಸೀನಿದರೆ ನಾಲ್ಕು ತುಂಡಾಗುತ್ತಿತ್ತು.

ಈ ಬೆಂಕಿಯ ಕೆಲಸವೆಲ್ಲ ಯಜಮಾನರದು. ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಬಂದವರಿಗೆಲ್ಲ ಅವರೇ ಹಾಗೆ ಹೇಳುತ್ತಿದ್ದರು. ಅವರು ಹಾಗೆ ಹೇಳುತ್ತಿರುವಾಗಲೇ ಒಳಗಡೆ ಮಗ ಕೊಪ್ಪರಿಗೆಗೆ ಹೊಟ್ಟೆ ಆನಿಸಿ ಹುಟ್ಟು ತಿರುವುತ್ತಿರುತ್ತಿದ್ದ, ಅದು ಬೇರೆ ವಿಷಯ. ಆರು ವರ್ಷದ ಹಿಂದೆ ಕೆಟ್ಟು ನಿಂತ ಲಾರಿಯೊಂದನ್ನು ಒಂಟಿ ಕೈಯಲ್ಲಿ ಎತ್ತಿ ರಸ್ತೆ ಬದಿಗಿಟ್ಟಾಗ ಯಜಮಾನರ ಸೊಂಟ ಹಿಡಿದುಕೊಂಡಿತ್ತು. ಅಂದಿನಿಂದ ಅವರು ಕೆಲಸವನ್ನು ಕಣ್ಣಿನಿಂದ ಮಾಡುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಆ ಮನೆಯಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು.

ಮಗನಿಗೆ ಮಾತು ಕಡಿಮೆ. ಅಪ್ಪ ಮೂವರ ಪಾಲಿನದು ಆಡಿ ಮುಗಿಸುತ್ತಿದ್ದರಿಂದ ಅವನಿಗೆ ಉಳಿಯುತ್ತಲೂ ಇರಲಿಲ್ಲ. ಶಾಲೆಯಲ್ಲಿ ಗಣಿತ ಹೇಳುವ ಹುಡುಗಿಯನ್ನು ಮದುವೆಯಾಗಿ ಐದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಸೊಸೆಗೆ ಮೂವತ್ತಾರು ತುಂಬಿತ್ತು, ಅವಳು ಲೆಕ್ಕದವಳು. ಉಳಿದ ವರ್ಷಗಳನ್ನು ಯಾರೂ ಅವಳಿಗೆ ಎಣಿಸಿ ತೋರಿಸಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಎದುರಿನ ಕ್ಷೌರದಂಗಡಿಯವನು ತೋಫು ಕೊಳ್ಳಲು ಬಂದು, ಕೊಳ್ಳದೆ ನಿಂತ.

"ಯಜಮಾನ್ರೇ, ಪೇಪರಲ್ಲಿ ಬಂದಿದೆ. ಸೋಯಾ ತಿಂದ್ರೆ ಗಂಡಸರಿಗೆ ಮಕ್ಕಳಾಗಲ್ವಂತೆ."

"ಯಾವ ಪೇಪರಲ್ಲಿ?"

"ಕತ್ತರಿ ಸುತ್ತಿಟ್ಟಿದ್ದ ಪೇಪರಲ್ಲಿ."

"ಎಷ್ಟು ವರ್ಷದ್ದೋ ಅದು?"

"ಪೇಪರ್ ಹಳೇದಾದ್ರೆ ವಿಷಯ ಹಳೇದಾಗುತ್ತಾ? ನಾನ್ಯಾಕೆ ಹೇಳ್ಲಿ, ನಿಮ್ಮ ಮನೆಯಲ್ಲೇ ಇದೆಯಲ್ಲ ಸಾಕ್ಷಿ." ಅವನು ಗದ್ದದಿಂದ ಒಳಕ್ಕೆ, ಮಗನಿದ್ದ ಕಡೆಗೆ ತೋರಿಸಿದ.

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. ಸೊಂಟ ನೆನಪಾಗಿ ಅರ್ಧದಲ್ಲಿ ನಿಂತರು. "ನನ್ನನ್ನ ನೋಡೋ! ದಿನಕ್ಕೆ ನಾಲ್ಕು ಲೀಟರ್ ಕುಡಿದು ಬೆಳೆದ ಮೈ ಇದು!"

"ಅದಕ್ಕೇ ಒಂದೇ ಮಗುಗೆ ನಿಂತೋಯ್ತು ನೋಡಿ."

"ಒಂದೇ ಆದ್ರೂ ಹತ್ತಕ್ಕೆ ಸಮ ಕಣೋ ಅವನು! ಹತ್ತು ಹೆತ್ತೋರು ಬಂದು ಬದಲಾಯಿಸ್ಕೊಳ್ತೀವಿ ಅಂದ್ರೂ ಕೊಡಲ್ಲ."

ಇದೊಂದನ್ನು ಮಾತ್ರ ಯಜಮಾನರು ಉಪ್ಪು ಖಾರ ಹಚ್ಚದೆ ಹೇಳಿದ್ದರು. ಕ್ಷೌರದವನು ಅದಕ್ಕೂ ನಕ್ಕ. ಒಳಗೆ ಹುಟ್ಟಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಅದೇ ವಾರ ಮಗ ಸೊಸೆ ಬಂಜೆತನದ ಆಸ್ಪತ್ರೆಗೆ ಹೊರಟರು. ಯಜಮಾನರೂ ಹೊರಟರು.

"ನೀವ್ಯಾಕ್ರೀ ಅಲ್ಲಿಗೆ?" ಎಂದರು ಅವರ ಹೆಂಡತಿ.

"ಡಾಕ್ಟರ್ ಹತ್ರ ಮಾತಾಡೋಕೆ ಯಾರಾದ್ರೂ ಬೇಡ್ವಾ? ಇವನು ಬಾಯಿ ಬಿಡೋಷ್ಟರಲ್ಲಿ ಆಸ್ಪತ್ರೆ ಮುಚ್ಚುತ್ತೆ."

"ಹೋಗಿ. ಆದ್ರೆ ಬಾಯಿ ಮನೆಯಲ್ಲಿಟ್ಟು ಹೋಗಿ."

ಬಾಯಿ ಜೊತೆಯಲ್ಲೇ ಹೋಯಿತು. ಆಸ್ಪತ್ರೆಯ ಹಜಾರದಲ್ಲಿ ಹಸಿರು ಕುರ್ಚಿಗಳ ಸಾಲು, ಯಾರೂ ಯಾರ ಮುಖವನ್ನೂ ನೋಡದಂತೆ ಕೂತ ಜೋಡಿಗಳು. ಮಗ, ಸೊಸೆ ಇಬ್ಬರನ್ನೂ ಪರೀಕ್ಷೆಗೆಂದು ಒಳಗೆ ಕರೆದರು. ಅಷ್ಟರಲ್ಲಿ ನರ್ಸೊಬ್ಬಳು ಫಾರಂ ಹಿಡಿದು ಬಂದಳು.

"ಇದು ನಿಮ್ಮ ಮಗಂದು. ಊಟ, ಕೆಲಸ, ಅಭ್ಯಾಸ ಎಲ್ಲ ಬರೀಬೇಕು. ಅವರು ಬಂದ ಮೇಲೆ ಕೊಡಿ."

"ಅವನ ಹೊಟ್ಟೆಯಲ್ಲಿ ಏನಿದೆ ಅಂತ ಅವನಿಗಿಂತ ನನಗೆ ಚೆನ್ನಾಗಿ ಗೊತ್ತು. ತಾಯೀ, ಪೆನ್ನು ಕೊಡು."

ಪಕ್ಕದ ಕುರ್ಚಿಯಲ್ಲಿ ದಪ್ಪ ಕನ್ನಡಕದ ಮುದುಕರೊಬ್ಬರಿದ್ದರು. ಅವರು ಕತ್ತು ಚಾಚಿ ಫಾರಂ ಓದತೊಡಗಿದರು. ಯಜಮಾನರಿಗೆ ನೋಡುವವರೊಬ್ಬರಿದ್ದರೆ ಸಾಕು, ಇರುವೆಯೂ ಆನೆಯಾಗುತ್ತದೆ. ಸಿಗರೇಟು? ಇಲ್ಲ. ಕುಡಿತ? ಇಲ್ಲ. ಸೋಯಾ ಆಹಾರ? ಅದರ ಮುಂದೆ ನಾಲ್ಕು ಚೌಕಗಳಿದ್ದವು: ಇಲ್ಲ, ಅಪರೂಪಕ್ಕೆ, ವಾರಕ್ಕೊಮ್ಮೆ, ದಿನಾ ಒಂದು ಲೋಟ. ಒಂದು ಲೋಟ! ಯಜಮಾನರಿಗೆ ಅವಮಾನವಾಯಿತು. ಅವರು ಪಕ್ಕದಲ್ಲಿ ತಾವೇ ಐದನೆಯ ಚೌಕ ಬರೆದು, ಅದಕ್ಕೆ ಗುರುತು ಹಾಕಿ, ದಪ್ಪಕ್ಷರದಲ್ಲಿ ತುಂಬಿಸಿದರು: ದಿನಕ್ಕೆ ನಾಲ್ಕು ಲೀಟರ್. ತಾಯಿ ಹಾಲು ಬಿಡಿಸಿದ ದಿನದಿಂದ.

"ನಾಲ್ಕಾ?" ಎಂದರು ಕನ್ನಡಕದವರು.

"ಬೇಸಿಗೆಯಲ್ಲಿ ಐದು. ಸಂಕೋಚಕ್ಕೆ ನಾಲ್ಕು ಬರೆದೆ."

ಕೆಳಗೆ ಇನ್ನೊಂದು ಪ್ರಶ್ನೆ: ಬಹಳ ಹೊತ್ತು ಬೆಂಕಿ ಅಥವಾ ಬಿಸಿಯ ಹತ್ತಿರ ನಿಲ್ಲುವ ಕೆಲಸವೇ? ಇಲ್ಲಿ ಯಜಮಾನರ ಪೆನ್ನು ನಿಂತಿತು. ಹೌದು ಎಂದರೆ ಏನರ್ಥ? ಮಗನನ್ನು ಒಲೆಗೆ ಒಡ್ಡಿ ಅಪ್ಪ ಬಾಗಿಲಲ್ಲಿ ಗಾಳಿ ಸೇವಿಸುತ್ತಾನೆ ಎಂದು. ಆರು ವರ್ಷದಿಂದ ಊರಿಗೆಲ್ಲ ಹೇಳಿದ್ದೊಂದು, ಕಾಗದದಲ್ಲಿ ಬರೆದಿದ್ದೊಂದು ಆಗಬಾರದು. ಕನ್ನಡಕದವರು ಇನ್ನೂ ನೋಡುತ್ತಿದ್ದರು. ಯಜಮಾನರು ಬರೆದರು: ಇಲ್ಲವೇ ಇಲ್ಲ. ಬೆಂಕಿಯ ಕೆಲಸ ಪೂರ್ತಿ ತಂದೆಯದು. ಮಗನನ್ನು ಫ್ಯಾನಿನ ಕೆಳಗೆ ರಾಜಕುಮಾರನಂತೆ ಇಟ್ಟಿದ್ದೇವೆ.

ಮಗ ಸೊಸೆ ಹೊರಗೆ ಬರುವಷ್ಟರಲ್ಲಿ ಫಾರಂ ನರ್ಸಿನ ಕೈ ಸೇರಿತ್ತು. ಡಾಕ್ಟರಮ್ಮನಿಗೆ ಅಂದು ತುರ್ತಾಗಿ ಹೆರಿಗೆಯೊಂದು ಬಂದು ಮಾತಾಡಲು ಆಗಲಿಲ್ಲ. ನಾಲ್ಕು ದಿನದ ಮೇಲೆ ಮನೆಗೆ ಚೀಟಿ ಬಂತು. ಸೊಸೆಯ ಪರೀಕ್ಷೆಗಳೆಲ್ಲ ಸರಿಯಿವೆ. ಗಂಡನ ವೀರ್ಯದ ಎಣಿಕೆ ಬಹಳ ಕಡಿಮೆ. ಅವರು ಸೋಯಾ ಪೂರ್ತಿ ನಿಲ್ಲಿಸಬೇಕು. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ.

ಚೀಟಿಯನ್ನು ಮಗ ಎರಡು ಸಲ ಓದಿ ಊಟದ ಮೇಜಿನ ಮೇಲಿಟ್ಟ. ಯಜಮಾನರು ಒಂದೇ ಸಲ ಓದಿದರು, ಅಷ್ಟಕ್ಕೇ ಮುಖ ಕೆಂಪಾಯಿತು.

"ಸೋಯಾ ನಿಲ್ಸ್ಬೇಕಾ? ನಮ್ಮ ಮನೇಲಿ? ಮೀನಿಗೆ ನೀರು ಬಿಡು ಅನ್ನೋ ಡಾಕ್ಟರಾ ಅವಳು?"

"ಮಾವ, ಕೂಗಾಡ್ಬೇಡಿ," ಎಂದಳು ಸೊಸೆ. "ಮೂರು ತಿಂಗಳು ತಾನೇ. ನನಗೆ ಈಗ ಒಂದೊಂದು ತಿಂಗಳೂ ಮುಖ್ಯ, ಆದ್ರೂ ಕಾಯ್ತೀನಿ. ಕಾರಣ ಗೊತ್ತಾದ್ರೆ ಸಾಕು."

ಮಗ ಚೀಟಿ ಮಡಿಸಿಟ್ಟ. "ಅಪ್ಪಾ, ಮಧ್ಯಾಹ್ನ ಒಂದು ತುಂಡು ತೋಫು ತಿಂತೀನಿ. ಸುತ್ತಿಗೊಂದು ಸಲ ನಾಲಿಗೆಗೆ ಹನಿ ಹಾಕಿ ನೋಡ್ತೀನಿ. ಅಷ್ಟಕ್ಕೇ ಹೀಗಾಗಿದ್ರೆ, ಇದನ್ನ ಊರಿಗೆ ಹಂಚೋದು ಪಾಪ ಅಲ್ವಾ? ಮೂರು ತಿಂಗಳಲ್ಲಿ ಎಣಿಕೆ ಏರಿದ್ರೆ ಕೊಪ್ಪರಿಗೆ ಮಾರಿಬಿಡೋಣ."

ನಾಲ್ಕು ಲೀಟರಿನ ಮಾತು ಯಜಮಾನರ ನಾಲಿಗೆಯವರೆಗೆ ಬಂದು ಮತ್ತೆ ಕೆಳಗಿಳಿಯಿತು. ಈಗ ಹೇಳಿದರೆ ಮಗನ ಮುಂದೆ ಸಣ್ಣವರಾಗುತ್ತಾರೆ. ಅಲ್ಲದೆ ಬರೆದದ್ದರಲ್ಲಿ ತಪ್ಪೇನು, ನಾಲ್ಕು ಲೀಟರ್ ಕುಡಿಯಬಲ್ಲ ಮಗನೇ ಅವನು, ಕುಡಿದಿಲ್ಲ ಅಷ್ಟೇ. ಹೀಗೆ ಮನಸ್ಸಿಗೆ ಸಮಾಧಾನ ಹೇಳಿ ಯಜಮಾನರು ಕೈ ತೊಳೆದರು.

ಅಂದಿನಿಂದ ಮಗ ಸೋಯಾವನ್ನು ನಾಲಿಗೆಗೆ ಹಾಕಲಿಲ್ಲ. ನಾಲಿಗೆಯಿಲ್ಲದೆ ಹಾಲು ಕಾಯಿಸುವುದೆಂದರೆ ಕಣ್ಣುಕಟ್ಟಿ ಸೂಜಿಗೆ ದಾರ ಹಾಕಿದಂತೆ. ಹಸಿ ವಾಸನೆ ಹೋಯಿತೇ, ಒಡೆಸುವ ಹದ ಬಂತೇ ಎಂಬುದೆಲ್ಲ ತಿಳಿಯುವುದು ಆ ಒಂದು ಹನಿಯಲ್ಲಿ. ಮೊದಲ ವಾರ ಎರಡು ಅಚ್ಚು ಕೆಟ್ಟವು. ಎರಡನೆಯ ವಾರದಿಂದ ಮಗ ಕೊಪ್ಪರಿಗೆಗೆ ಇನ್ನೂ ಹತ್ತಿರ ಬಾಗಿ, ಕಿವಿಕೊಟ್ಟು, ಗುಳ್ಳೆಗಳ ಸದ್ದು ಕೇಳತೊಡಗಿದ. ಸದ್ದು ದಪ್ಪಗಾದಾಗ ಬೆಂಕಿ ಇಳಿಸುತ್ತಿದ್ದ. ಅಚ್ಚು ತೆಗೆದರೆ ತೋಫು ಮೊದಲಿಗಿಂತ ಮೃದು. ಬಾಗಿಲಲ್ಲಿ ಕೂತ ಯಜಮಾನರ ಎದೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತು.

"ಏನ್ ಯಜಮಾನ್ರೇ, ಕೈ ಇನ್ನೂ ಪಳಗ್ತಾ ಇದೆ," ಎಂದ ಕ್ಷೌರದವನು, ತೋಫು ಕೊಂಡು, ಅಲ್ಲೇ ಒಂದು ಚೂರು ಬಾಯಿಗೆ ಹಾಕಿಕೊಂಡು.

"ಈ ಕೈಯೇ ಹಂಗೆ ಕಣೋ," ಎಂದರು ಯಜಮಾನರು. ಎಂದ ಮೇಲೆ ಯಾಕೋ ಕೈಯನ್ನು ಮಡಿಲಿನಲ್ಲಿ ಅಡಗಿಸಿಕೊಂಡರು.

ಮೂರು ತಿಂಗಳು ಅವರ ನಿದ್ದೆ ಎರಡು ಪಾಲಾಗಿತ್ತು. ಎಣಿಕೆ ಏರಲಿ ಎಂದು ಒಂದು ಪಾಲು ಬೇಡುತ್ತಿತ್ತು, ಏರಿದರೆ ಕೊಪ್ಪರಿಗೆ ಹೋಯಿತು ಎಂದು ಇನ್ನೊಂದು ಪಾಲು ಬೆವರುತ್ತಿತ್ತು. ಮೊಮ್ಮಗುವೂ ಬೇಕು, ಸೋಯಾದ ಮರ್ಯಾದೆಯೂ ಉಳಿಯಬೇಕು.

ಎರಡನೆಯ ಪರೀಕ್ಷೆಯ ದಿನ ಮೂವರೂ ಡಾಕ್ಟರಮ್ಮನ ಕೋಣೆಯಲ್ಲಿ ಕೂತರು. ಅವರು ಸಣ್ಣ ಮೈಯವರು, ನಿಧಾನ ಮಾತಿನವರು, ಮೇಜಿನ ಮೇಲೆ ಬಿಳಿ ಕಡತ.

"ಎಣಿಕೆ ಏರಿಲ್ಲ. ಸ್ವಲ್ಪ ಇಳಿದಿದೆ," ಎಂದರು ಅವರು.

ಸೊಸೆ ಕಣ್ಣು ಮುಚ್ಚಿದಳು. ಮಗ ಅವಳ ಕೈ ಹಿಡಿದುಕೊಂಡ. ಯಜಮಾನರಿಗೆ ಮಾತ್ರ ಸೋಯಾ ಗೆದ್ದಿತೆಂಬುದು ಮೊದಲು ಹೊಳೆಯಿತು, ಎದ್ದೇ ನಿಂತರು.

"ನೋಡಿದ್ರಾ! ಸೋಯಾ ಬಿಟ್ಟಿದ್ದಕ್ಕೇ ಇಳಿದಿದ್ದು! ನಾನು ಆವತ್ತೇ ಹೇಳ್ದೆ!"

"ಮಾವ," ಎಂದಳು ಸೊಸೆ. ಅಷ್ಟೇ. ಯಜಮಾನರು ಕೂತರು.

"ಸೋಯಾ ಬಿಟ್ರೆ ಇಳಿಯಲ್ಲ," ಎಂದರು ಡಾಕ್ಟರಮ್ಮ. "ಅದರಲ್ಲಿ ಹೆಣ್ಣು ಹಾರ್ಮೋನನ್ನ ಸ್ವಲ್ಪ ಹೋಲೋ ಅಂಶ ಇದೆ, ಅದಕ್ಕೇ ಜನರಿಗೆ ಅನುಮಾನ. ಒಂದು ಅಧ್ಯಯನದಲ್ಲಿ ವೀರ್ಯದ ಸಾಂದ್ರತೆ ಕಡಿಮೆ ಕಂಡಿತು, ಬೇರೆ ಹಲವಾರು ಕಡೆ ವ್ಯತ್ಯಾಸನೇ ಕಾಣಲಿಲ್ಲ. ಊಟದ ಜೊತೆ ತಿನ್ನೋಷ್ಟು ಸೋಯಾ ಮಕ್ಕಳಾಗೋದನ್ನ ತಡೆಯುತ್ತೆ ಅಂತ ಸಾಬೀತಾಗಿಲ್ಲ. ಮಕ್ಕಳನ್ನ ಕೊಡೋ ಔಷಧಿನೂ ಅಲ್ಲ. ಆದ್ರೆ ಇವರದು ಊಟದ ಜೊತೆ ತಿನ್ನೋದಲ್ವಲ್ಲ, ಅದಕ್ಕೇ ನಿಲ್ಲಿಸಿ ಅಂದೆ."

"ಮತ್ತೆ?" ಎಂದ ಮಗ.

"ದಿನಕ್ಕೆ ನಾಲ್ಕು ಲೀಟರ್ ಅಂತ ಬರೆದಿದ್ದೀರಲ್ಲ."

ಮಗ ಡಾಕ್ಟರಮ್ಮನನ್ನು ನೋಡಿದ. ಸೊಸೆ ಮಾವನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಜಮಾನರು ಹೆಗಲು ಮುಟ್ಟಲಿಲ್ಲ, ಕಿವಿ ತುರಿಸಿಕೊಂಡರು.

"ಡಾಕ್ಟ್ರೇ, ನಾಲ್ಕು ಲೀಟರ್ ಹಿಡಿಸೋದು ತೊಟ್ಟಿಗೆ, ಇವರಿಗಲ್ಲ," ಎಂದಳು ಸೊಸೆ. "ಇವರು ತಿಂತಿದ್ದಿದ್ದು ಅಂಗೈಯಷ್ಟು ತುಂಡು. ಫಾರಂ ಯಾರು ತುಂಬಿದ್ದು ಅಂತ ಕೇಳೋದೇ ಬೇಡ. ಐದನೇ ಚೌಕ ಬರೆಯೋರು ನಮ್ಮನೆಯಲ್ಲಿ ಒಬ್ಬರೇ."

"ಒಂದೆರಡು ಲೀಟರ್ ಕೈತಪ್ಪಿ ಜಾಸ್ತಿ ಬಿತ್ತು," ಎಂದರು ಯಜಮಾನರು.

ಡಾಕ್ಟರಮ್ಮ ನಗಲಿಲ್ಲ. "ಹಾಗಾದ್ರೆ ಮೂರು ತಿಂಗಳು ನಾವು ಇಲ್ಲದ ಕಾರಣ ಹುಡುಕಿದ್ವಿ. ಇದರಲ್ಲಿ ಇನ್ನೇನು ಕೈತಪ್ಪಿದೆ?" ಅವರ ಬೆರಳು ಫಾರಮ್ಮಿನ ಮೇಲೆ ಸಾಲು ಸಾಲಾಗಿ ಇಳಿದು ಒಂದು ಕಡೆ ನಿಂತಿತು. "ನಿಮ್ಮಲ್ಲಿ ಹಾಲು ಕುದಿಸೋರು ಯಾರು?"

ಉತ್ತರ ಕೊಟ್ಟವನು ಮಗ.

"ಅಪ್ಪ," ಎಂದ. "ಅಪ್ಪನೇ ಕುದಿಸೋದು."

ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡದ ಹುಡುಗ. ಆಡಿದ ಮೊದಲನೆಯದನ್ನು ಅಪ್ಪನ ಮರ್ಯಾದೆಗೆ ಹೊದಿಸಿ ತಲೆ ತಗ್ಗಿಸಿ ಕೂತ. ಸೊಸೆ ಬಾಯಿ ತೆರೆದಳು, ಅವನು ಅವಳ ಕೈ ಅದುಮಿದ.

"ಯಾಕೆ ಕೇಳ್ತಿದ್ದೀನಿ ಅಂದ್ರೆ," ಎಂದರು ಡಾಕ್ಟರಮ್ಮ, "ವೀರ್ಯ ತಯಾರಾಗೋ ಜಾಗ ಮೈಯಿಗಿಂತ ತಣ್ಣಗಿರ್ಬೇಕು. ದಿನಾ ಗಂಟೆಗಟ್ಟಲೆ ಸೊಂಟದ ಹತ್ರ ಬಿಸಿ ತಾಗಿದ್ರೆ ಎಣಿಕೆ ಇಳೀಬಹುದು. ದೂರ ಬಂದ್ರೆ ಕೆಲವು ತಿಂಗಳಲ್ಲಿ ಮತ್ತೆ ಏರೋದೂ ಉಂಟು. ಇವರಿಗೆ ಅದೇ ಕಾರಣ ಅಂತ ಹೇಳ್ತಿಲ್ಲ. ಆದ್ರೆ ಈ ಉತ್ತರ ಸುಳ್ಳಾಗಿದ್ರೆ ಇನ್ನೊಂದು ಮೂರು ತಿಂಗಳು ಹೋಗುತ್ತೆ. ಎಲ್ಲಿ, ಅಪ್ಪ ಮಗ ಇಬ್ಬರೂ ಕೈ ಮುಂದಕ್ಕೆ ಚಾಚಿ."

ಮೇಜಿನ ಮೇಲೆ ನಾಲ್ಕು ಕೈಗಳು ಬಂದವು. ಮಗನ ಕೈಗಳಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ, ಆವಿಗೆ ಬೆಂದು ಚರ್ಮ ಮಿರಮಿರ ಮಿಂಚುತ್ತಿತ್ತು, ಅಲ್ಲಲ್ಲಿ ಹಾಲು ಸಿಡಿದ ಚುಕ್ಕೆಗಳು. ಯಜಮಾನರ ಕೈಗಳು ಅವರದೇ ತೋಫಿನಷ್ಟು ಬಿಳಿ, ಮೃದು. ಬಲಗೈಯ ಕಿರುಬೆರಳಿನಲ್ಲಿ ಬೆಳೆಸಿದ ಉಗುರೊಂದಿತ್ತು, ಕಿವಿ ತುರಿಸಲು.

ಡಾಕ್ಟರಮ್ಮ ಆ ಉಗುರನ್ನೇ ನೋಡಿದರು.

ಯಜಮಾನರಿಗೆ ಇನ್ನೊಂದು ದಾರಿಯಿತ್ತು. ನನ್ನ ಚರ್ಮವೇ ಹೀಗೆ, ಬೆಂಕಿ ತಾಗಲ್ಲ ಎನ್ನಬಹುದಿತ್ತು. ಅದಕ್ಕಿಂತ ದೊಡ್ಡ ಸುಳ್ಳುಗಳನ್ನು ಅವರು ದಕ್ಕಿಸಿಕೊಂಡಿದ್ದರು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ತಲೆ ತಗ್ಗಿಸಿ ಕೂತ ಮಗನ ಕಿವಿ ಕಂಡಿತು. ಕೊಪ್ಪರಿಗೆಯ ಕಡೆಗೆ ಬಾಗುವ ಕಿವಿ, ಅದೂ ಕೆಂಪಗೆ ಬೆಂದಿತ್ತು.

"ಹೊಸ ಫಾರಂ ಇದ್ರೆ ಕೊಡಿ ತಾಯೀ," ಎಂದರು ಯಜಮಾನರು. ಅವರ ದನಿ ಅವರಿಗೇ ಪರಿಚಯವಿಲ್ಲದಷ್ಟು ಸಣ್ಣಗಿತ್ತು. "ಬೇಡ, ನೀವೇ ಬರ್ಕೊಳ್ಳಿ, ನನ್ನ ಕೈಗೆ ಪೆನ್ನು ಕೊಡೋದು ಬೇಡ."

"ಅಪ್ಪಾ, ಬಿಡಿ," ಎಂದ ಮಗ.

"ನೀನು ಸುಮ್ನಿರೋ. ಜೀವಮಾನಕ್ಕೊಂದು ಸುಳ್ಳು ಹೇಳ್ದೆ, ಅದೂ ಸರಿಯಾಗಿ ಬರ್ಲಿಲ್ಲ ನಿನಗೆ." ಯಜಮಾನರು ಡಾಕ್ಟರಮ್ಮನ ಕಡೆಗೆ ತಿರುಗಿದರು. "ಬರ್ಕೊಳ್ಳಿ. ಆರು ವರ್ಷದಿಂದ ಬೆಂಕಿ ಮುಂದೆ ನಿಂತಿರೋನು ಇವನು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ, ಏಳು ಸುತ್ತು, ಕೊಪ್ಪರಿಗೆಗೆ ಹೊಟ್ಟೆ ಆನಿಸಿಕೊಂಡು. ಈ ಮೂರು ತಿಂಗಳು ಇನ್ನೂ ಹತ್ತಿರ ನಿಂತ. ನಾನು ಯಾವ ಲಾರಿನೂ ಎತ್ತಲಿಲ್ಲ. ಕಾಳಿನ ಸಿಪ್ಪೆ ಮೇಲೆ ಕಾಲಿಟ್ಟು ಜಾರಿಬಿದ್ದೆ. ಎರಡು ತಿಂಗಳಿಗೆ ಸೊಂಟ ಸರಿಹೋಯ್ತು. ಅಷ್ಟರಲ್ಲಿ ಇವನು ತೆಗೆದ ಅಚ್ಚು ನೋಡ್ದೆ. ಊರವರು ಬಂದು ಏನ್ ಕೈ ಯಜಮಾನ್ರೇ ನಿಮ್ದು ಅಂತ ಹೊಗಳಿದ್ರು. ಅಲ್ಲ ಅಂತ ಹೇಳಕ್ಕೆ ಮನಸ್ಸು ಬರ್ಲಿಲ್ಲ, ಮತ್ತೆ ಹುಟ್ಟು ಹಿಡಿಯೋ ಧೈರ್ಯನೂ ಬರ್ಲಿಲ್ಲ. ಹಿಡಿದಿದ್ರೆ ಒಂದೇ ದಿನದಲ್ಲಿ ಗೊತ್ತಾಗ್ತಿತ್ತು ಎಲ್ಲರಿಗೂ."

"ಏನು ಗೊತ್ತಾಗ್ತಿತ್ತು ಮಾವ?" ಎಂದು ಕೇಳಿದಳು ಸೊಸೆ, ಮೆಲ್ಲಗೆ.

"ಮೂವತ್ತು ವರ್ಷ ಮಾಡ್ದೆ ಕಣಮ್ಮ," ಎಂದರು ಗಡಿಗೆ ಯಜಮಾನರು. "ಒಂದು ದಿನಾನೂ ಇವನಷ್ಟು ಚೆನ್ನಾಗಿ ಮಾಡಕ್ಕೆ ಬರ್ಲಿಲ್ಲ ನನಗೆ."